ಬೀಟ್ರೂಟ್ ಪ್ರಯೋಗದಲ್ಲಿ ತಣ್ಣೀರಿನ ಲೋಟನೂ ಕೆಂಪಾಗ್ತಿದೆ, ಹುಡುಗಿ ಕೇಳಿದ ಪ್ರಶ್ನೆಗೆ ಏನಂತ ಉತ್ತರ ಕೊಡ್ಲಿ?

ಹೈಸ್ಕೂಲ್ ಸೈನ್ಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಹೈಸ್ಕೂಲಲ್ಲಿ ಸೈನ್ಸ್ ತಗೋತೀನಿ, ಒಂಬತ್ತನೇ ಕ್ಲಾಸಿಗೆ ಜೀವಕೋಶದ ಪಾಠ ನಡೀತಿದೆ. ವಿಸರಣೆ (ವಸ್ತು ತಾನಾಗೇ ಹರಡ್ಕೊಳ್ಳೋದು), ಅಭಿಸರಣೆ (ಪೊರೆ ದಾಟಿ ನೀರು ಹೋಗೋದು) ಅಂತ ಬೋರ್ಡ್ ಮೇಲೆ ಬರೆಸಿ ಮುಗಿಸೋಕೆ ಮನಸ್ಸು ಒಪ್ಪಲಿಲ್ಲ, ಕೋಶಪೊರೆ ಅನ್ನೋದು ನಿಜವಾಗ್ಲೂ ಒಂದಿದೆ, ಅದು ಕೆಲಸ ಮಾಡ್ತಿರುತ್ತೆ ಅಂತ ಮಕ್ಕಳಿಗೆ ಕಣ್ಣಾರೆ ತೋರಿಸ್ಬೇಕು ಅಂತ ಸಂತೆಯಿಂದ ಅರ್ಧ ಕೆಜಿ ಬೀಟ್ರೂಟ್ ತಂದೆ.

ಮಾಡಿದ್ದು ಇಷ್ಟೇ, ನಾಲ್ಕು ಗಾಜಿನ ಲೋಟದಲ್ಲಿ ನೀರು, ಒಂದು ಮಾಮೂಲಿ ತಣ್ಣೀರು, ಇನ್ನುಳಿದವು 40, 60, 80 ಡಿಗ್ರಿ. ಬೀಟ್ರೂಟ್ ಸಿಪ್ಪೆ ತೆಗೆದು ಸುಮಾರು 1 ಸೆಂ.ಮೀ. ಚೌಕಕ್ಕೆ ಕತ್ತರಿಸಿ ಒಂದೊಂದು ಲೋಟಕ್ಕೆ ಮೂರ್ಮೂರು ತುಂಡು ಹಾಕಿ ಇಪ್ಪತ್ತು ನಿಮಿಷ ಬಿಟ್ವಿ. ತಣ್ಣೀರಿನ ಲೋಟದಲ್ಲಿ ಬಣ್ಣ ಬರಬಾರದು ಅಂತ ನಾನು ಮೊದ್ಲೇ ಹೇಳಿಬಿಟ್ಟಿದ್ದೆ, ಆದ್ರೆ ಅದೂ ಚೆನ್ನಾಗಿ ಗುಲಾಬಿ ಆಗೋಯ್ತು. 40ರದ್ದಕ್ಕೂ ಅದಕ್ಕೂ ಅಂಥ ವ್ಯತ್ಯಾಸ ಕಾಣ್ಲಿಲ್ಲ. 60ರದ್ದು ಕಡು ಕೆಂಪು. 80ರದ್ದು ಇನ್ನೂ ಕಡು ಆಗಬೇಕಿತ್ತಲ್ವಾ, ಅದು ಸ್ವಲ್ಪ ಕಂದು ಬಣ್ಣಕ್ಕೆ ತಿರುಗ್ತು.

ಇದು ಒಂದು ಕಡೆ ಇರ್ಲಿ. ಹಿಂದಿನ ಬೆಂಚಲ್ಲಿ ಕೂರೋ ಒಬ್ಬ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತು ಕೇಳಿದ್ಲು: "ಮಿಸ್, ಸಕ್ಕರೆ ತಣ್ಣೀರಿಗಿಂತ ಬಿಸಿನೀರಲ್ಲಿ ಬೇಗ ಕರಗುತ್ತೆ, ಹಂಗೇ ಬೀಟ್ರೂಟ್ ಬಣ್ಣನೂ ಬಿಸಿಗೆ ಬೇಗ ಕರಗಿ ಬಂದಿರಬಹುದಲ್ವಾ, ಇದ್ರಲ್ಲಿ ಪೊರೆ ಎಲ್ಲಿಂದ ಬಂತು?" ನನಗೆ ಆ ಕ್ಷಣಕ್ಕೆ ಏನೂ ಹೊಳೀಲಿಲ್ಲ. ಬಿಸಿಗೆ ಪೊರೆ ಹಾಳಾಗುತ್ತೆ ಅಂತ ಪುಸ್ತಕದ ಮಾತು ಹೇಳಬಹುದಿತ್ತು, ಆದ್ರೆ ಅವಳ ಕಣ್ಣೆದುರು ನಡೆದ ಪ್ರಯೋಗ ಅದನ್ನ ಸಾಬೀತು ಮಾಡಿರ್ಲಿಲ್ಲ ಅನ್ನೋದು ನನಗೇ ಗೊತ್ತಾಗ್ತಿತ್ತು. ಸೋಮವಾರ ಹೇಳ್ತೀನಿ ಕಣಮ್ಮ ಅಂದಿದ್ದೀನಿ. ನಮ್ಮಲ್ಲಿ ಬಣ್ಣ ಎಷ್ಟು ಗಾಢ ಅಂತ ಅಳೆಯೋ ಕಲರಿಮೀಟರ್ ಎಲ್ಲ ಇಲ್ಲ, ಥರ್ಮಾಮೀಟರ್ ಎರಡಿದೆ, ಇಂಡಕ್ಷನ್ ಒಲೆ ಇದೆ, ಒಂದು ಮೈಕ್ರೋಸ್ಕೋಪ್ ಇದೆ. ಎಲ್ಲಿ ತಪ್ಪಿದೆ ಹೇಳಿ ಪ್ಲೀಸ್.

ಬಿಎಡ್ ವಿದ್ಯಾರ್ಥಿ:

ಮೇಡಂ, ತಣ್ಣೀರಿನ ಲೋಟ ಕೆಂಪಾಗಿದ್ದು ತುಂಡುಗಳನ್ನ ತೊಳೀದೇ ಇದ್ದಿದ್ದಕ್ಕೆ ಅನ್ಸುತ್ತೆ. ಚಾಕು ಹೋದ ಜಾಗದಲ್ಲಿದ್ದ ಜೀವಕೋಶಗಳೆಲ್ಲ ಒಡೆದೇ ಹೋಗಿರ್ತವೆ, ಆ ಬಣ್ಣ ನೀರಿಗೆ ಬಂದೇ ಬರುತ್ತೆ. ನಮ್ಮ ಪ್ರಾಕ್ಟೀಸ್ ಟೀಚಿಂಗಲ್ಲೂ ಇದೇ ಆಗಿತ್ತು. ಆಮೇಲೆ ಕತ್ತರಿಸಿದ ತುಂಡುಗಳನ್ನ ಜರಡೀಲಿ ಹಾಕಿ ನಲ್ಲಿ ಕೆಳಗಿಟ್ಟು ನೀರು ತಿಳಿಯಾಗಿ ಇಳಿಯೋವರೆಗೂ ತೊಳೆದ್ವಿ, ಒಂದರ್ಧ ಗಂಟೆ ತಣ್ಣೀರಲ್ಲಿ ನೆನೆಸಿ ಆ ನೀರನ್ನೂ ಎರಡು ಸಲ ಚೆಲ್ಲಿದ್ವಿ, ಆಮೇಲೆ ತಣ್ಣೀರಿನ ಲೋಟ ಹೆಚ್ಚು ಕಮ್ಮಿ ಬೆಳ್ಳಗೇ ಉಳೀತು. ಚಾಕು ಮೊಂಡಾಗಿದ್ರೆ ಇನ್ನೂ ಜಾಸ್ತಿ ಕೋಶ ಜಜ್ಜಿ ಹೋಗುತ್ತೆ, ಹೊಸ ಬ್ಲೇಡ್ ತಗೊಳ್ಳಿ.

ಪಿಯು ಬಯಾಲಜಿ ಲೆಕ್ಚರರ್:

ತೊಳೆಯೋ ವಿಷಯ ಮೇಲೆ ಹೇಳಿದ್ದು ಸರಿಯಾಗಿದೆ. ಆದ್ರೆ ಮೇಡಂ, ನಿಮ್ಮ ಹುಡುಗಿ ಕೇಳಿದ ಪ್ರಶ್ನೆ ಇದೆಯಲ್ಲ, ಅದು ಈ ಪ್ರಯೋಗದ ನಡುಮಧ್ಯಕ್ಕೇ ಕೈ ಹಾಕಿದೆ. ಬಿಸಿ ಮಾಡಿದ್ರೆ ಎರಡು ಕೆಲಸ ಒಟ್ಟಿಗೆ ಆಗುತ್ತೆ. ಒಂದು, ಯಾವ ವಸ್ತುನೇ ಆಗ್ಲಿ ನೀರಲ್ಲಿ ಹರಡೋದು ಜೋರಾಗುತ್ತೆ, ಅಂದ್ರೆ ವಿಸರಣೆ. ಇನ್ನೊಂದು, ಪೊರೆ ಹಾಳಾಗುತ್ತೆ. ಬೀಟ್ರೂಟ್ ತುಂಡನ್ನ ಬಿಸಿನೀರಲ್ಲೇ ಬಿಟ್ಟು ಬಣ್ಣ ನೋಡಿದ್ರೆ ಈ ಎರಡನ್ನೂ ಬೇರೆ ಮಾಡೋಕೆ ದಾರಿನೇ ಇಲ್ಲ, ಹುಡುಗಿ ಅನುಮಾನ ಪಟ್ಟಿದ್ದು ನೂರಕ್ಕೆ ನೂರು ಸರಿ.

ಮೊದಲು ಅವಳ ಸಕ್ಕರೆ ಮಾತಿಗೆ ಉತ್ತರ ಕೊಡಿ, ಅದು ಸುಲಭ. ಬೀಟ್ರೂಟ್ ತುರಿದು ಹಿಂಡಿ, ಒಂದು ಹನಿ ರಸ ತಣ್ಣೀರಿಗೆ ಬಿಡಿ. ತಕ್ಷಣ ಕರಗಿ ಹರಡ್ಕೊಳ್ಳುತ್ತೆ. ಅಂದ್ರೆ ಆ ಬಣ್ಣ ಕರಗೋಕೆ ಬಿಸಿ ಬೇಕೇ ಇಲ್ಲ. ಹಾಗಿದ್ಮೇಲೆ ತೊಳೆದ ತುಂಡಿನಿಂದ ತಣ್ಣೀರಿಗೆ ಯಾಕೆ ಬರ್ತಿಲ್ಲ, ಏನೋ ಒಂದು ತಡೀತಿದೆ ಅಂತಾಯ್ತಲ್ಲ, ಇದನ್ನ ನೀವು ಹೇಳ್ಬೇಡಿ, ಅವರ ಬಾಯಲ್ಲೇ ಬರ್ಲಿ.

ಎರಡನೇದು ಬಿಸಿ ಮತ್ತು ಕಾಯೋದು ಎರಡನ್ನೂ ಬೇರೆ ಮಾಡೋದು. ತುಂಡನ್ನ ಬಿಸಿನೀರಲ್ಲಿ ಬರೀ ಒಂದು ನಿಮಿಷ ಅದ್ದಿ ತೆಗೀರಿ, ಆಮೇಲೆ ಮಾಮೂಲಿ ತಣ್ಣೀರಿರೋ ಲೋಟಕ್ಕೆ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಬಿಡಿ. ಈಗ ಎಲ್ಲ ಲೋಟದ ನೀರೂ ಒಂದೇ ತಣ್ಣಗಿದೆ, ಕರಗೋ ಹರಡೋ ವೇಗ ಎಲ್ಲದರಲ್ಲೂ ಒಂದೇ. ಆದ್ರೂ 70 ಡಿಗ್ರೀಲಿ ಅದ್ದಿ ಬಂದ ತುಂಡು ಬಣ್ಣ ಬಿಡ್ತಾನೇ ಇರುತ್ತೆ, 40ರಲ್ಲಿ ಅದ್ದಿದ್ದು ಬಿಡಲ್ಲ. ತಣ್ಣಗಾದ್ರೂ ಪೊರೆ ಮತ್ತೆ ರಿಪೇರಿ ಆಗಲ್ಲ ಅನ್ನೋದು ಅಲ್ಲೇ ಕಾಣುತ್ತೆ. ಇದಕ್ಕೆ 1 ಸೆಂ.ಮೀ. ಚೌಕ ಆಗಲ್ಲ, ಒಂದು ನಿಮಿಷದಲ್ಲಿ ನಡುವಿನವರೆಗೆ ಬಿಸಿ ತಲುಪೋದೇ ಇಲ್ಲ. 3 ಮಿ.ಮೀ. ದಪ್ಪದ ಬಿಲ್ಲೆ ಮಾಡ್ಕೊಳ್ಳಿ. ಒಂದೇ ಅಳತೆ ಬರೋಕೆ ನಾನು ಹಳೇ ರೇಡಿಯೋ ಆಂಟೆನಾದ ದಪ್ಪ ತುಂಡನ್ನ ಅರದಿಂದ ಉಜ್ಜಿ ಅಂಚು ಹರಿತ ಮಾಡಿ ಇಟ್ಕೊಂಡಿದ್ದೀನಿ, ಗೆಡ್ಡೆಗೆ ಚುಚ್ಚಿ ತೆಗೆದ್ರೆ ಉದ್ದಕ್ಕೆ ಕಡ್ಡಿ ತರ ಬರುತ್ತೆ, ಅದನ್ನ ಬ್ಲೇಡಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯೋದು.

ಮೂರನೇದೇ ನನಗೆ ತುಂಬ ಇಷ್ಟ. ತೊಳೆದ ಒಂದೆರಡು ಬಿಲ್ಲೆಗಳನ್ನ ಯಾರದಾದ್ರೂ ಮನೆ ಫ್ರಿಜ್‌ನ ಫ್ರೀಜರ್‌ನಲ್ಲಿ ರಾತ್ರಿ ಇಟ್ಟು ತನ್ನಿ. ಬೆಳಗ್ಗೆ ತಣ್ಣೀರಿಗೆ ಹಾಕಿ. ಒಳಗಿನ ನೀರು ಐಸ್ ಆಗಿ ಆ ಹರಳುಗಳು ಪೊರೆನ ಹರಿದಿರ್ತವೆ, ಕರಗ್ತಾ ಕರಗ್ತಾ ಬಣ್ಣ ದಾರದ ಎಳೆ ತರ ಕೆಳಗಿಳಿಯೋದು ಕಾಣುತ್ತೆ. ಇಲ್ಲಿ ಒಲೆ ಹಚ್ಚೇ ಇಲ್ಲ, ಬಿಸಿ ಅನ್ನೋದೇ ಇಲ್ಲ, ಆದ್ರೂ ಬಣ್ಣ ಬಂತು. ಬಿಸಿಗೆ ಕರಗಿ ಬಂದಿರಬಹುದು ಅನ್ನೋ ಮಾತು ಇಲ್ಲಿಗೆ ನಿಲ್ಲುತ್ತೆ.

ಇನ್ನು 80ರ ಲೋಟ ಕಂದು ಆಗಿದ್ದು, ಬೀಟ್ರೂಟ್‌ನ ಕೆಂಪು ಬಣ್ಣಕ್ಕೆ ಬೀಟಾನಿನ್ ಅಂತಾರೆ, ಅದು ಜಾಸ್ತಿ ಹೊತ್ತು ಬಿಸೀಲಿದ್ರೆ ತಾನೇ ಕೆಡುತ್ತೆ, ಹಳದಿ ಕಂದಿಗೆ ತಿರುಗುತ್ತೆ. ಬಣ್ಣ ಕಮ್ಮಿ ಬಂತು ಅಂತಲ್ಲ, ಬಂದ ಬಣ್ಣ ಕೆಟ್ಟಿದ್ದು. ಒಂದು ನಿಮಿಷ ಅದ್ದಿ ತೆಗೆದ್ರೆ ಈ ತೊಂದರೆನೂ ತಪ್ಪುತ್ತೆ. ಬೋರ್‌ವೆಲ್ ನೀರು ಬೇಡ, ಕ್ಷಾರ ಜಾಸ್ತಿ ಆದ್ರೆ ಈ ಬಣ್ಣ ನೇರಳೆ ಕಡೆ ತಿರುಗುತ್ತೆ, ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಒಂದು ಕ್ಯಾನ್ ತರಿಸಿ.

ಹೈಸ್ಕೂಲ್ ಸೈನ್ಸ್ ಟೀಚರ್:

ಸರ್, ಓದ್ತಾ ಓದ್ತಾ ನಾನು ಎಲ್ಲಿ ಎಡವಿದೆ ಅಂತ ತಿಳೀತು, ತುಂಬ ಧನ್ಯವಾದ. ಒಂದು ಕೇಳ್ಬೇಕಿತ್ತು, ಕಲರಿಮೀಟರ್ ಇಲ್ದೆ ಬಣ್ಣನ ನಂಬರಲ್ಲಿ ಹೇಳೋಕೆ ಏನ್ಮಾಡೋದು? ಮಕ್ಕಳು ಬರೀ ತಿಳಿ ಕೆಂಪು, ಕಡು ಕೆಂಪು ಅಂತ ಬರೀತಾರೆ, ಒಬ್ಬರ ಕಡು ಇನ್ನೊಬ್ಬರ ತಿಳಿ ಆಗಿರುತ್ತೆ.

ನಿವೃತ್ತ ಶಿಕ್ಷಕ, ಧಾರವಾಡ ಕಡೆ:

ಮೇಡಂ ಅವರ, ಅದಕ್ಕ ಸಾದಾ ಉಪಾಯ ಅದರಿ. ಬೀಟ್ರೂಟ್ ರಸ ಹಿಂಡಿ ಸೋಸಿ, ಅದಕ್ಕ 10 ನಂಬರ್ ಅನ್ರಿ. ಅದರಾಗ ಅರ್ಧ ತಗೊಂಡು ಅಷ್ಟ ನೀರು ಹಾಕಿದ್ರ 5. ಅದರ ಅರ್ಧಕ್ಕ ಮತ್ತ ಅಷ್ಟ ನೀರು, ಎರಡೂವರಿ. ಹಿಂಗ ಇಳಿಸ್ಕೋತ ಹೋಗ್ರಿ, ನೀರಿನಷ್ಟ ತಿಳಿ ಆಗೂತನಕ. ಈ ಸಾಲು ಹಿಂದ ಬಿಳಿ ಹಾಳಿ ಹಿಡದು ಕಿಟಕಿ ಮುಂದ ಇಟ್ಟು, ಪ್ರಯೋಗದ ಲೋಟ ಯಾವ ನಂಬರಿಗೆ ಹೊಂದ್ತದ ಅಂತ ಹುಡುಗೂರು ನೋಡಿ ಬರೀಲಿ. ಇಪ್ಪತ್ತೆಂಟು ವರ್ಷ ನಾನು ಹಿಂಗ ಮಾಡಿಸೀನಿ, ಮಶೀನ್ ಇಲ್ಲ ಅಂತ ಕೆಲಸ ನಿಂತಿಲ್ರಿ.

ಬೀಟ್ರೂಟ್ ಸಿಗಲಿಲ್ಲಂದ್ರ ಕೆಂಪು ರಾಜಗಿರಿ ತಗೋರಿ, ನಿಮ್ಮ ಕಡೆ ಕೆಂಪು ದಂಟು ಅಂತೀರಲ್ಲ ಅದು. ಅದರಾಗೂ ಇದ ಜಾತಿ ಬಣ್ಣ ಇರ್ತದ. ಸೊಪ್ಪು ಹರೀಲಾರದ ಇಡಿಯಾಗಿ ತೊಳೀರಿ, ನೀರು ಕೆಂಪಾಗಂಗಿಲ್ಲ. ಅದನ್ನ ಪಲ್ಯಾಕ್ಕ ಒಲಿ ಮ್ಯಾಲ ಇಟ್ರ ಎರಡು ನಿಮಿಷದಾಗ ಪಾತೇಲಿ ನೀರೆಲ್ಲಾ ಕೆಂಪು. ಇದು ದಿನಾ ಮನ್ಯಾಗ ನೋಡೂದ, ಆದ್ರ ಯಾಕ ಅಂತ ಯಾರೂ ಕೇಳಿರಂಗಿಲ್ಲ. ಸವತಿಕಾಯಿ ಕೋಸಂಬ್ರಿಗೆ ಉಪ್ಪು ಮೊದಲ ಹಾಕಿಟ್ರ ನೀರು ಬಿಡ್ತದ, ಅದಕ್ಕ ಬಡಸೂ ಹೊತ್ತಿಗೆ ಹಾಕ್ತಾರ. ಅದು ಅಭಿಸರಣೆ. ಹುಡುಗೂರ ತಾಯಂದಿರಿಗೆ ಗೊತ್ತಿದ್ದದ್ದ ಇದು, ಅಲ್ಲಿಂದ ಶುರು ಮಾಡಿದ್ರ ಪಾಠ ಕೈಗೆ ಸಿಗ್ತದ.

ಮೈಕ್ರೋಸ್ಕೋಪ್ ಅದ ಅಂದ್ರಲ್ಲ, ರಿಯೋ ಗಿಡದ ಎಲಿ ಹಿಂದಿನ ನೇರಳೆ ಸಿಪ್ಪಿ ತೆಳ್ಳಗ ಸುಲದು ನೀರಾಗಿಟ್ಟು ನೋಡ್ರಿ, ಕೋಶದ ತುಂಬ ಬಣ್ಣ ಇರ್ತದ. ಈಗ ಕವರ್ ಗ್ಲಾಸಿನ ಒಂದು ಬದಿಗೆ ಗಟ್ಟಿ ಉಪ್ಪುನೀರು ಒಂದು ಹನಿ ಬಿಟ್ಟು ಇನ್ನೊಂದು ಬದಿಯಿಂದ ಒತ್ತು ಕಾಗದದಲೆ ನೀರು ಹೀರ್ಕೋರಿ. ನೋಡ್ತಾ ಇದ್ದಂಗನ ನೇರಳೆ ಭಾಗ ಗೋಡಿ ಬಿಟ್ಟು ಒಳಗ ಮುದುಡ್ತದ. ನೀರು ಹೊರಗ ಹೋತು, ಬಣ್ಣ ಹೋಗ್ಲಿಲ್ಲ. ಪೊರಿ ಯಾವುದನ್ನ ಬಿಡ್ತದ ಯಾವುದನ್ನ ಬಿಡಂಗಿಲ್ಲ ಅನ್ನೂದಕ್ಕ ಇದಕ್ಕಿಂತ ಚೊಲೋ ಸಾಕ್ಷಿ ನಾ ಕಂಡಿಲ್ರಿ. ಅದ ಎಲಿನ ಕುದಿಸಿ ಮಾಡ್ರಿ, ಏನೂ ಮುದುಡಂಗಿಲ್ಲ. ಬೀಟ್ರೂಟ್ ಬಿಲ್ಲಿ ಮಾತ್ರ ಒಂದು ನಿಮಿಷ ಸಾಲಂಗಿಲ್ಲ ಅಂತ ನನ್ನ ಅನುಭವ, ಐದು ನಿಮಿಷ ಅದ್ದಿಸಿದ್ರ ಪಕ್ಕಾ.

ಪಿಯು ಬಯಾಲಜಿ ಲೆಕ್ಚರರ್:

ಸರ್, ನಂಬರ್ ಸಾಲಿನ ಉಪಾಯ ನಾನೂ ಇನ್ಮೇಲೆ ಬಳಸ್ತೀನಿ. ಐದು ನಿಮಿಷದ ವಿಷಯಕ್ಕೆ ಮಾತ್ರ ನನ್ನದು ಬೇರೆ ಅಭಿಪ್ರಾಯ, ಐದು ನಿಮಿಷ ಅದ್ದಿದ್ರೆ ಬಣ್ಣದಲ್ಲಿ ಒಂದು ಪಾಲು ಆ ಬಿಸಿನೀರಿಗೇ ಹೋಗಿಬಿಡುತ್ತೆ, ಆ ನೀರನ್ನ ನಾವು ಚೆಲ್ತೀವಿ, ಆಮೇಲೆ ತಣ್ಣೀರಲ್ಲಿ 80ರದ್ದು 60ರದ್ದಕ್ಕಿಂತ ತಿಳಿ ಕಂಡ್ರೆ ಮಕ್ಕಳಿಗೆ ಗೊಂದಲ. ದಪ್ಪ ತುಂಡಾಗಿದ್ರೆ ನಿಮ್ಮ ಮಾತು ಸರಿ, ತೆಳು ಬಿಲ್ಲೆಗೆ ಒಂದು ನಿಮಿಷ ಸಾಕು. ರಿಯೋ ಎಲೆ ಬಗ್ಗೆ ನೀವು ಹೇಳಿದ್ದು ಫಸ್ಟ್ ಪಿಯುಸಿ ಪ್ರಾಕ್ಟಿಕಲ್ಲಲ್ಲೂ ಇದೆ, ಒಂಬತ್ತನೇ ಕ್ಲಾಸಲ್ಲೇ ನೋಡಿ ಬಂದ ಮಕ್ಕಳು ನಮ್ಮ ಹತ್ರ ಬಂದಾಗ ಎಷ್ಟು ಬೇಗ ಹಿಡೀತಾರೆ ಗೊತ್ತಾ.

ರಿಸರ್ಚ್ ಮಾಡ್ತಿರೋ ಹುಡುಗ:

ಮೇಡಂ ನಾನು ಮೆಂಬ್ರೇನ್ ಮೇಲೇನೇ ಕೆಲಸ ಮಾಡೋನು, ಒಂದೆರಡು ಲೆಕ್ಕ ಕೊಡ್ತೀನಿ, ಆ ಹುಡುಗಿಗೆ ಇಷ್ಟ ಆಗಬಹುದು.

27 ಡಿಗ್ರಿಯಿಂದ 57 ಡಿಗ್ರಿಗೆ ಹೋದ್ರೆ ಕೆಲ್ವಿನ್ ಲೆಕ್ಕದಲ್ಲಿ 300ರಿಂದ 330, ಅಂದ್ರೆ ಹತ್ತೇ ಪರ್ಸೆಂಟ್ ಜಾಸ್ತಿ. ಜೊತೆಗೆ ನೀರು ತೆಳುವಾಗುತ್ತೆ, ಅದರ ಸ್ನಿಗ್ಧತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ. ಎರಡೂ ಸೇರಿ ವಿಸರಣೆಯ ವೇಗ ಸುಮಾರು ಎರಡು ಪಟ್ಟು ಆಗುತ್ತೆ ಅಷ್ಟೆ. ವಿಸರಣೆ ಒಂದೇ ಕಾರಣ ಆಗಿದ್ರೆ ಬಣ್ಣ 30, 40, 50, 60ಕ್ಕೆ ನಿಧಾನವಾಗಿ ಮೆಟ್ಟಿಲು ಹತ್ತಿದ ಹಾಗೆ ಏರಬೇಕಿತ್ತು. ಆದ್ರೆ ನೀವು ಗ್ರಾಫ್ ಹಾಕಿ ನೋಡಿ, 40ರವರೆಗೂ ನೆಲಕ್ಕಂಟಿಕೊಂಡಿರುತ್ತೆ, 50 ದಾಟಿದ ಮೇಲೆ ಎದ್ದು ನಿಲ್ಲುತ್ತೆ. ಆ ತಿರುವೇ ಪೊರೆ ಕೆಡೋ ಜಾಗ. ಮೊಟ್ಟೆ ಬೇಯಿಸಿದಾಗ ಬಿಳಿಭಾಗ ಗಟ್ಟಿ ಆಗುತ್ತಲ್ಲ, ಪೊರೆಯಲ್ಲಿರೋ ಪ್ರೋಟೀನಿಗೂ ಅಂಥದ್ದೇ ಗತಿ, ಜೊತೆಗೆ ಕೊಬ್ಬಿನ ಪದರನೂ ಸಡಿಲ ಆಗುತ್ತೆ.

ಬಣ್ಣ ಇರೋದು ರಸದಾನಿಯ ಒಳಗೆ, ಅಂದ್ರೆ ಕೋಶದೊಳಗೆ ರಸ ತುಂಬಿರೋ ಚೀಲ, ಹಾಗಾಗಿ ಹೊರಗೆ ಬರಬೇಕಂದ್ರೆ ಎರಡು ಪೊರೆ ದಾಟಬೇಕು, ರಸದಾನಿಯದ್ದೊಂದು, ಕೋಶದ್ದೊಂದು. ಬೀಟಾನಿನ್ ಅಣುತೂಕ ಸುಮಾರು 550, ನೀರಿನದ್ದು 18, ಮೇಲಾಗಿ ಬೀಟಾನಿನ್‌ಗೆ ವಿದ್ಯುದಾವೇಶ ಇರುತ್ತೆ, ಎಣ್ಣೆಯಂಥ ಪದರದ ಒಳಗೆ ಅದು ನುಗ್ಗಲ್ಲ. ನೀರಿಗೆ ಮಾತ್ರ ಪೊರೆಯಲ್ಲಿ ಪ್ರತ್ಯೇಕ ಪ್ರೋಟೀನ್ ದಾರಿಗಳಿವೆ, ಆಕ್ವಾಪೋರಿನ್ ಅಂತ, ಅದನ್ನ ಕಂಡುಹಿಡಿದಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ರಿಯೋ ಎಲೆಯಲ್ಲಿ ನೀರು ಹೋಗಿ ಬಣ್ಣ ಉಳಿಯೋದು ಯಾಕೆ ಅಂತ ಇದರಿಂದ ಹೇಳಬಹುದು.

ಇನ್ನೊಂದು ಲೋಟ ಸೇರಿಸಿ, ಅರ್ಧ ಸರ್ಜಿಕಲ್ ಸ್ಪಿರಿಟ್ ಅರ್ಧ ನೀರು, ಬಿಸಿ ಮಾಡದೇನೇ ಬಿಲ್ಲೆ ಹಾಕಿ. ಸ್ಪಿರಿಟ್ ಪೊರೆಯ ಕೊಬ್ಬನ್ನ ಕೆಡಿಸುತ್ತೆ, ಬಣ್ಣ ಹೊರಗೆ ಬರುತ್ತೆ. ಒಲೆ ಹತ್ರ ಮಾತ್ರ ಸ್ಪಿರಿಟ್ ತರಬೇಡಿ, ಇದು ನಿಜವಾಗ್ಲೂ ಅಪಾಯ, ಒಲೆ ಆರಿಸಿ ಬೇರೆ ಟೇಬಲ್ ಮೇಲೆ ಮಾಡಿ.

ಮೊಟ್ಟೆ ಪ್ರಯೋಗನೂ ಮಾಡಿಸ್ತೀರಲ್ವಾ, ಚಿಪ್ಪು ಆಮ್ಲದಲ್ಲಿ ಕರಗಿಸಿ ಉಪ್ಪುನೀರಲ್ಲಿ ಇಡೋದು. ಮಾಡಿಸಿ, ಅಭಿಸರಣೆಗೆ ಅದು ಚೆನ್ನಾಗಿದೆ, ಆದ್ರೆ ಅಲ್ಲಿ ಕಾಣೋದು ಕೋಶಪೊರೆ ಅಂತ ಹೇಳ್ಬೇಡಿ. ಅದು ಚಿಪ್ಪಿನ ಒಳಪದರ, ಪ್ರೋಟೀನ್ ನಾರುಗಳ ಹೆಣಿಗೆ. ಮಕ್ಕಳು ಕೋಶಪೊರೆನ ಕೈಯಲ್ಲಿ ಮುಟ್ಟಬಹುದು ಅಂತ ಅಂದ್ಕೊಂಡು ಬಿಡ್ತಾರೆ, ಅದರ ದಪ್ಪ ಬರೀ 7ರಿಂದ 10 ನ್ಯಾನೋಮೀಟರ್.

ಮೈಸೂರಿನ ಒಬ್ಬ ತಾಯಿ:

ನಾನು ಟೀಚರ್ ಅಲ್ಲ, ಮಗಳ ಜೊತೆ ಮನೇಲಿ ಮಾಡಿದ್ದು ಹೇಳ್ತೀನಿ, ಪೊರೆ ಇಲ್ಲದ ಬರೀ ವಿಸರಣೆ ತೋರಿಸೋಕೆ ನಿಮಗೆ ಬೇಕಾಗಬಹುದು. ದಿನಸಿ ಅಂಗಡಿ ಚೈನಾ ಗ್ರಾಸ್, ನೂರು ಎಂಎಲ್ ನೀರಿಗೆ 2 ಗ್ರಾಂ ಹಾಕಿ ಕುದಿಸಿ ಚಿಟಿಕೆ ಅರಿಶಿನ ಸೇರಿಸಿ ಡಬ್ಬಿಗೆ ಸುರಿದು ಆರಿಸಿದ್ವಿ. ಗಟ್ಟಿಯಾದ್ಮೇಲೆ 1, 2, 3 ಸೆಂ.ಮೀ. ಚೌಕ ಕತ್ತರಿಸಿ ವಾಷಿಂಗ್ ಸೋಡಾ ನೀರಲ್ಲಿ ಮುಳುಗಿಸಿದ್ವಿ. ಆರತಿಗೆ ಓಕುಳಿ ಮಾಡುವಾಗ ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗುತ್ತಲ್ಲ, ಅದೇ ಇಲ್ಲಿ ಹೊರಗಿಂದ ಒಳಗೆ ನಿಧಾನವಾಗಿ ನಡ್ಕೊಂಡು ಬರುತ್ತೆ. ಕೆಲವು ಗಂಟೆ ಆದ್ಮೇಲೆ ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಬಂದಿತ್ತು, ತೆಗೆದು ಕೊಯ್ದು ನೋಡಿದ್ರೆ ಚಿಕ್ಕದು ಪೂರ್ತಿ ಕೆಂಪು, ದೊಡ್ಡ ಎರಡರ ನಡುವೆ ಹಳದಿ ಉಳಿದಿತ್ತು. ಮಗಳೇ ಲೆಕ್ಕ ಹಾಕಿದ್ಲು, 2 ಸೆಂ.ಮೀ. ಚೌಕದಲ್ಲಿ ಎಂಟರಲ್ಲಿ ಒಂದು ಭಾಗ ಹಳದಿ, 3 ಸೆಂ.ಮೀ.ದರಲ್ಲಿ ಇಪ್ಪತ್ತೇಳರಲ್ಲಿ ಎಂಟು ಭಾಗ. ಜೀವಕೋಶಗಳು ಯಾಕೆ ಅಷ್ಟು ಚಿಕ್ಕವು ಅಂತ ಅವಳಿಗೆ ಆಗ ಅರ್ಥ ಆಯ್ತು. ಸೋಡಾ ನೀರು ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ, ಆ ಚೈನಾ ಗ್ರಾಸ್ ಆಮೇಲೆ ಯಾರೂ ತಿನ್ನಬಾರದು.

ರಿಸರ್ಚ್ ಮಾಡ್ತಿರೋ ಹುಡುಗ:

ಅಕ್ಕ, ಇದು ತುಂಬ ಚೆನ್ನಾಗಿದೆ. ಮಗಳಿಗೆ ಇನ್ನೊಂದು ಮಾಡೋಕೆ ಹೇಳಿ, 2 ಮಿ.ಮೀ. ಒಳಗೆ ಬರೋಕೆ ಎಷ್ಟು ಹೊತ್ತು, 4 ಮಿ.ಮೀ.ಗೆ ಎಷ್ಟು ಹೊತ್ತು ಅಂತ ಬರ್ಕೊಳ್ಳಲಿ. ದೂರ ಎರಡು ಪಟ್ಟಾದ್ರೆ ಸಮಯ ಹೆಚ್ಚು ಕಮ್ಮಿ ನಾಲ್ಕು ಪಟ್ಟು ಬರಬೇಕು, 1855ರಲ್ಲಿ ಫಿಕ್ ಅನ್ನೋ ವಿಜ್ಞಾನಿ ಕೊಟ್ಟ ವಿಸರಣೆಯ ನಿಯಮದಿಂದ ಬರೋ ಲೆಕ್ಕ ಅದು.

ಹೈಸ್ಕೂಲ್ ಸೈನ್ಸ್ ಟೀಚರ್:

ಎಲ್ಲರಿಗೂ ಮತ್ತೆ ನಮಸ್ಕಾರ, ಸೋಮವಾರ ಮಾಡಿದ್ವಿ, ಹೇಳದೇ ಇರೋಕೆ ಆಗ್ತಿಲ್ಲ. ಭಾನುವಾರ ರಾತ್ರಿನೇ ನಮ್ಮನೆ ಫ್ರೀಜರ್‌ನಲ್ಲಿ ನಾಲ್ಕು ಬಿಲ್ಲೆ ಇಟ್ಟಿದ್ದೆ, ಟಿಫಿನ್ ಡಬ್ಬೀಲಿ ತಂದೆ. ಆಂಟೆನಾ ಸಿಗ್ಲಿಲ್ಲ, ಬ್ಲೇಡಲ್ಲೇ ಗ್ರಾಫ್ ಶೀಟ್ ಮೇಲಿಟ್ಟು ಅಳತೆಗೆ ಕೊಯ್ದ್ವಿ. ತೊಳೆಯೋದನ್ನ ಮಕ್ಕಳಿಗೇ ಬಿಟ್ಟೆ, ಒಂಬತ್ತು ಸಲ ನೀರು ಬದಲಾಯಿಸಿದ್ರು.

ರಸದ ಹನಿ ತಣ್ಣೀರಿಗೆ ಬಿಟ್ಟಾಗ ಆ ಹುಡುಗಿ ಸುಮ್ನೆ ನೋಡ್ತಿದ್ಲು. ಬಿಸಿನೀರಲ್ಲಿ ಅದ್ದಿದ ಬಿಲ್ಲೆಗಳನ್ನ ತಣ್ಣೀರಿಗೆ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಧಾರವಾಡದ ಸರ್ ಹೇಳಿದ ಸಾಲಿಗೆ ಹೋಲಿಸಿದ್ವಿ, ತಣ್ಣೀರಿನದ್ದು ಮತ್ತು 40ರದ್ದು ಕೊನೇ ಲೋಟಕ್ಕಿಂತ ತಿಳಿ, 50ರದ್ದು ಲೈಟಾಗಿ ಗುಲಾಬಿ, 60 ಮತ್ತು 70 ಒಮ್ಮೆಲೇ ನಾಲ್ಕು ಮೆಟ್ಟಿಲು ಮೇಲೆ. ಆಮೇಲೆ ಫ್ರೀಜರ್ ಬಿಲ್ಲೆ ಲೋಟಕ್ಕೆ ಹಾಕಿದೆ. ಲೆಕ್ಚರರ್ ಸರ್ ಹೇಳಿದ ಹಾಗೇ ಕೆಂಪು ಎಳೆಗಳು ಇಳಿದು ತಳದಲ್ಲಿ ಸುತ್ತಿಕೊಂಡವು, ಬಿಲ್ಲೆ ಮುಟ್ಟಿದ್ರೆ ಒದ್ದೆ ಬಟ್ಟೆ ತರ ಮೆತ್ತಗೆ. ಅವಳು ಎದ್ದು ಬಂದು ಲೋಟ ಮುಟ್ಟಿ ನೋಡಿದ್ಲು, ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು, "ಹಂಗಾದ್ರೆ ಏನೋ ಹರಿದಿದೆ ಮಿಸ್" ಅಂದ್ಲು. ಹರಿದಿದೆ ಅನ್ನೋ ಮಾತು ನಾನು ಹೇಳಿರ್ಲಿಲ್ಲ.

ಆಮೇಲೆ ಇನ್ನೊಂದು ಕೇಳಿದ್ಲು, ಬಿಸಿಗೆ ಕೆಟ್ಟಿದ್ದೂ ಐಸಿಗೆ ಹರಿದಿದ್ದೂ ಒಂದೇನಾ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಬೇರೆ ಬೇರೆ ಕಾಣುತ್ತಾ ಅಂತ. ಶನಿವಾರ ರಿಯೋ ಎಲೆಯ ಒಂದು ಸಿಪ್ಪೆ ಕುದಿಸಿ, ಒಂದು ಫ್ರೀಜರ್‌ನಲ್ಲಿಟ್ಟು, ಒಂದು ಹಸಿಯಾಗಿ, ಮೂರನ್ನೂ ಉಪ್ಪುನೀರಲ್ಲಿ ಪಕ್ಕಪಕ್ಕ ನೋಡೋಣ ಅಂತ ಒಪ್ಕೊಂಡಿದ್ದೀವಿ. ಎಲೆ ಅವಳೇ ತರ್ತಾಳಂತೆ, ಅವರ ಮನೆ ಮುಂದೆ ಅದರ ಸಾಲೇ ಇದೆ.